ಒಂದು ಮೀಟರು ಕೆಂಪು

ಆರತಿ ನೀರು ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ತಟ್ಟೆಯಲ್ಲಿ ನೀರು, ಒಂದು ಚಿಟಿಕೆ ಅರಿಶಿನ, ಆಮೇಲೆ ಬೆರಳ ತುದಿಗೆ ಅಂಟುವಷ್ಟು ಸುಣ್ಣ. ಕಲಕಿದ್ದೇ ತಡ, ಹಳದಿ ಮಾಯ, ಕಡುಗೆಂಪು ಹಾಜರು. ಮದುಮಕ್ಕಳು ಬಾಗಿಲಿಗೆ ಬಂದಾಗ ಅಜ್ಜಿ ಇದನ್ನೇ ನಿವಾಳಿಸಿ ಹೊರಗೆ ಚೆಲ್ಲುತ್ತಾರೆ. ಚೆಲ್ಲುವ ಮುಂಚೆ ಒಂದು ಲೋಟದಷ್ಟು ಬೇಡಿ ತೆಗೆದುಕೊಂಡು ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ ನೋಡಿ. ಮತ್ತೆ ಹಳದಿ! ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಅಣು ಯಾರು ಕರೆದರೂ ಅವರ ಕಡೆ ವಾಲುವ ಸ್ವಭಾವದ್ದು.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಬಂದಿದ್ದಳು, ಆರನೇ ಕ್ಲಾಸು ಮುಗಿಸಿದವಳು. ಅವಳಿಗೆ ಈ ಆಟ ತೋರಿಸಿದೆ. ಐದು ನಿಮಿಷ ಬೆರಗು, ಆರನೇ ನಿಮಿಷಕ್ಕೆ ಬೇಜಾರು. ಸರಿ, ತಟ್ಟೆ ಬಿಟ್ಟು ಇದನ್ನೇ ಕೊಳವೆಯೊಳಗೆ ಮಾಡೋಣ ಎಂದು ಹೊರಟೆವು. ಮೀನಿನ ತೊಟ್ಟಿಗೆ ಗಾಳಿ ಬಿಡುವ ತೆಳ್ಳನೆಯ ಪಾರದರ್ಶಕ ಪೈಪು ಗೊತ್ತಲ್ಲ, ಅದು ಐದು ಮೀಟರು. ಅದಕ್ಕೆ ಹೊಂದುವ ‘ಟಿ’ ಆಕಾರದ ಜಾಯಿಂಟು ಎರಡು. ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಎಲ್ಲವೂ ಸಿಕ್ಕಿತು. ಒಂದು ಬಾಟಲಿಯಲ್ಲಿ ಅರಿಶಿನದ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ, ಮೂರನೆಯದರಲ್ಲಿ ನೀರು ಬೆರೆಸಿದ ನಿಂಬೆರಸ. ಮೂರನ್ನೂ ಅಡುಗೆಮನೆಯ ಎತ್ತರದ ಶೆಲ್ಫಿನ ಮೇಲಿಟ್ಟು, ಪೈಪಿನಿಂದ ಒಮ್ಮೆ ಎಳೆದು ಕೆಳಕ್ಕೆ ಹರಿಯಬಿಡುವುದು. ಎಳೆಯುವುದಕ್ಕೆ ಬಾಯಿ ಬೇಡ, ಔಷಧಿ ಅಂಗಡಿಯ ಸಿರಿಂಜು ಸಾಕು. ಮೊದಲ ಜಾಯಿಂಟಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಬೇಕು. ಅಲ್ಲಿಂದ ಸರಿಯಾಗಿ ಒಂದು ಮೀಟರು ಮುಂದೆ, ಎರಡನೇ ಜಾಯಿಂಟಿನಲ್ಲಿ, ನಿಂಬೆರಸ ಸೇರಬೇಕು. ಆಮೇಲೆ ಬಕೆಟ್ಟು.

ಹೇಳುವುದಕ್ಕೆ ಇಷ್ಟೇ. ಮಾಡಹೊರಟಾಗ ಮೂರು ಸಲ ಕೆಟ್ಟಿತು.

ಮೊದಲನೇ ಸಲ ಸುಣ್ಣದ ಬಾಟಲಿಯನ್ನು ಉಳಿದೆರಡಕ್ಕಿಂತ ಒಂದು ಗೇಣು ಮೇಲಿಟ್ಟಿದ್ದೆವು. ಎತ್ತರದಲ್ಲಿದ್ದುದರ ಒತ್ತಡ ಜಾಸ್ತಿ. ಸುಣ್ಣದ ನೀರು ಜಾಯಿಂಟಿಗೆ ಬಂದು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹತ್ತಿ, ಅರಿಶಿನದ ಬಾಟಲಿಯನ್ನೇ ಕೆಂಪು ಮಾಡಿಬಿಟ್ಟಿತು. ಎರಡನೇ ಸಲ ಮೂರನ್ನೂ ಒಂದೇ ಮಟ್ಟದಲ್ಲಿಟ್ಟೆವು. ಅರಿಶಿನದ ಪುಡಿ ತಳಕ್ಕಿಳಿದು ಜಾಯಿಂಟಿನ ಗಂಟಲಲ್ಲಿ ಕೂತುಕೊಂಡಿತು. ನೀರು ನಿಂತೇಹೋಯಿತು. ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದ್ದಾಯಿತು. ಮೂರನೇ ಸಲ ಎಲ್ಲವೂ ಹರಿಯಿತು, ಆದರೆ ಕೆಂಪು ಬರಲಿಲ್ಲ. ಅಂದರೆ ಪೂರ್ತಿ ಬರಲಿಲ್ಲ. ಪೈಪಿನ ಒಂದು ಬದಿಯಲ್ಲಿ ಹಳದಿ, ಇನ್ನೊಂದು ಬದಿಯಲ್ಲಿ ತಿಳಿ, ನಡುವೆ ದಾರದಂತೆ ಒಂದು ಕೆಂಪು ಗೆರೆ. ಒಂದೇ ಬೆಂಚಿನಲ್ಲಿ ಕೂತು ಮಾತು ಬಿಟ್ಟ ಇಬ್ಬರು ಗೆಳತಿಯರ ಹಾಗೆ ಎರಡು ನೀರೂ ಅಕ್ಕಪಕ್ಕದಲ್ಲೇ ಹರಿಯುತ್ತಿದ್ದವು, ಬೆರೆಯುತ್ತಿರಲಿಲ್ಲ.

ಸಪೂರ ಕೊಳವೆಯಲ್ಲಿ ನಿಧಾನವಾಗಿ ಹರಿಯುವ ನೀರಿನ ಗುಣವೇ ಹಾಗೆ. ಅದು ಹೊಳೆಯಂತೆ ಸುಳಿ ಸುತ್ತುವುದಿಲ್ಲ, ಪದರ ಪದರವಾಗಿ ಜಾರುತ್ತದೆ. ಹುಡುಗಿ ಸಿಟ್ಟಿನಿಂದ ಪೈಪನ್ನು ಎತ್ತಿ ಪಕ್ಕದಲ್ಲಿದ್ದ ಲಟ್ಟಣಿಗೆಗೆ ಸುತ್ತಿದಳು. ಏಳು ಸುತ್ತು. ಸುತ್ತಿದ ಕೊಳವೆಯಲ್ಲಿ ನೀರು ತಿರುವಿನುದ್ದಕ್ಕೂ ಹೊರಗಡೆಗೆ ತಳ್ಳಿಸಿಕೊಳ್ಳುತ್ತದೆ. ಬಸ್ಸು ತಿರುಗುವಾಗ ನೀವು ಕಿಟಕಿಯ ಕಡೆ ವಾಲುತ್ತೀರಲ್ಲ, ಹಾಗೆ. ನಡುವಿನ ನೀರು ಅಂಚಿಗೆ, ಅಂಚಿನ ನೀರು ನಡುವಿಗೆ ಹೊರಳಿ ತನ್ನಷ್ಟಕ್ಕೆ ಕಲಕಿದಂತಾಯಿತು. ಎರಡು ಸುತ್ತು ಮುಗಿಯುವಷ್ಟರಲ್ಲಿ ಪೈಪಿನ ತುಂಬ ಕೆಂಪು. ಎರಡನೇ ಜಾಯಿಂಟು ದಾಟಿದ ಮೇಲೆ ಮತ್ತೆ ಹಳದಿ. ಅವಳು ನೆಲದ ಮೇಲೆ ಬೋರಲು ಮಲಗಿ ಅದನ್ನೇ ನೋಡುತ್ತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಅವಳು ನೋಡುತ್ತಿದ್ದುದು ಏನೆಂದು ನಾವೂ ಸ್ವಲ್ಪ ನಿಂತು ನೋಡೋಣ. ಲಟ್ಟಣಿಗೆಯ ಮೇಲಿನ ಕೆಂಪು ಕದಲುತ್ತಿಲ್ಲ, ಅಲ್ಲೇ ಇದೆ. ಒಳಗಿನ ನೀರು ಮಾತ್ರ ನಿಲ್ಲದೆ ಓಡುತ್ತಿದೆ. ಈ ಪೈಪಿನ ಒಳಗಿನ ಅಗಲ 4 ಮಿಲಿಮೀಟರು. ಒಂದು ಮೀಟರಿನಲ್ಲಿ ಹಿಡಿಯುವುದು ಸುಮಾರು 12.5 ಮಿಲಿಲೀಟರ್ ನೀರು. ನಿಮಿಷಕ್ಕೆ 25 ಮಿಲಿಲೀಟರ್ ಹರಿದರೆ ಪ್ರತಿ ಹನಿಯೂ ಅರ್ಧ ನಿಮಿಷ ಮಾತ್ರ ಕೆಂಪಾಗಿರುತ್ತದೆ. ಮೊದಲ ಜಾಯಿಂಟಿನಲ್ಲಿ ಕೆಂಪಿನ ಹುಟ್ಟು, ಎರಡನೆಯದರಲ್ಲಿ ಕೊನೆ. ತಟ್ಟೆಯಲ್ಲಿ ಕೆಂಪಿಗೆ ಒಂದು ಹೊತ್ತು ಇತ್ತು. ಪೈಪಿನಲ್ಲಿ ಕೆಂಪಿಗೆ ಒಂದು ಜಾಗ ಸಿಕ್ಕಿತು. ಅರ್ಧ ನಿಮಿಷವೆಂಬುದು ಒಂದು ಮೀಟರಾಗಿ ನೆಲದ ಮೇಲೆ ಬಿದ್ದಿದೆ. ಕೆಂಪು ಕಾಲು ನಿಮಿಷ ಸಾಕೆನಿಸಿದರೆ ಗಡಿಯಾರ ನೋಡುತ್ತಾ ಕೂರಬೇಕಿಲ್ಲ, ಪೈಪನ್ನು ಅರ್ಧಕ್ಕೆ ಕತ್ತರಿಸಿದರಾಯಿತು.

ರಸಾಯನ ವಿಜ್ಞಾನಿಗಳಲ್ಲಿ ಒಂದು ಗುಂಪು ಈ ಒಂದು ಸಂಗತಿಯನ್ನು ಹಿಡಿದುಕೊಂಡು ದೊಡ್ಡ ದೊಡ್ಡ ಅಣುಗಳನ್ನೇ ಕಟ್ಟುತ್ತಿದೆ. ಅವರು ಇದನ್ನು ಫ್ಲೋ ಕೆಮಿಸ್ಟ್ರಿ ಎನ್ನುತ್ತಾರೆ. ನಾವು ಹರಿವಿನ ರಸಾಯನ ಅನ್ನೋಣ. ಹನಿ ಪೈಪಿನೊಳಗೆ ಕಳೆಯುವ ಹೊತ್ತಿಗೆ ಅವರಲ್ಲಿ ಒಂದು ಹೆಸರೂ ಇದೆ, ಕನ್ನಡದಲ್ಲಿ ಹೇಳುವುದಾದರೆ ‘ತಂಗುವ ಸಮಯ’.

ಹರಿಯುವುದು ಒಂದು ಬಗೆಯಾದರೆ, ಒಂದೇ ಪಾತ್ರೆಯಲ್ಲಿ ಕುದಿಸಿ ಇಳಿಸುವುದು ಇನ್ನೊಂದು ಬಗೆ. ಎರಡನ್ನೂ ಒಂದೇ ಸೂರಿನಡಿ ನೋಡಬೇಕಾದರೆ ಮಂಡ್ಯದ ಕಡೆಯ ಯಾವುದಾದರೂ ಆಲೆಮನೆಗೆ ಹೋಗಿ. ಗಾಣಕ್ಕೆ ಒಂದು ಕಡೆಯಿಂದ ಕಬ್ಬು ಕೊಡುತ್ತಲೇ ಇರುತ್ತಾರೆ, ಇನ್ನೊಂದು ಕಡೆ ಕಬ್ಬಿನ ಹಾಲು ಸುರಿಯುತ್ತಲೇ ಇರುತ್ತದೆ. ಅದು ಹರಿವು. ಪಕ್ಕದಲ್ಲೇ ಕೊಪ್ಪರಿಗೆ: ತುಂಬು, ಕುದಿಸು, ಹೊಲಸು ತೆಗೆ, ಪಾಕ ಬಂತೇ ನೋಡು, ಇಳಿಸು, ತೊಳೆ, ಮತ್ತೆ ತುಂಬು. ಕಾರ್ಖಾನೆಯವರು ಇದನ್ನು ಬ್ಯಾಚ್ ಎನ್ನುತ್ತಾರೆ. ಪಾಕದ ಹದ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ಬೆರಳಲ್ಲಿ ಹಿಸುಕಿ ಹೇಳುತ್ತಾನೆ. ಅವನ ಕಣ್ಣು ಒಂದು ಗಳಿಗೆ ತಪ್ಪಿದರೆ ಇಡೀ ಕೊಪ್ಪರಿಗೆ ಸೀದುಹೋಗುತ್ತದೆ. ಹರಿವಿನಲ್ಲಿ ಆ ಹದವನ್ನು ಪೈಪಿನ ಉದ್ದಕ್ಕೆ ಒಪ್ಪಿಸಿಬಿಡುತ್ತಾರೆ.

ಔಷಧದ ಅಣುಗಳನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಕೊಪ್ಪರಿಗೆಯ ರೀತಿಯಲ್ಲೇ ಮಾಡಿಕೊಂಡು ಬಂದಿದ್ದಾರೆ. ಇವತ್ತಿಗೂ ಹೆಚ್ಚಿನವು ಹಾಗೆಯೇ. ಅದೇನು ದಡ್ಡತನವಲ್ಲ. ಒಂದೇ ಪಾತ್ರೆಯಲ್ಲಿ ಈ ವಾರ ಜ್ವರದ ಮಾತ್ರೆಯ ಪುಡಿ, ಮುಂದಿನ ವಾರ ಇನ್ನೊಂದು. ಪಾತ್ರೆಗೆ ಎಲ್ಲವೂ ಒಗ್ಗುತ್ತದೆ. ಅದೇ ಗೊಬ್ಬರದ ಅಮೋನಿಯಾ ನೋಡಿ. ಅದಕ್ಕೆ ಬೇಕಾದುದು ಎರಡೇ ಅನಿಲ, ಒಂದೇ ಹೆಜ್ಜೆ, ಆದರೆ ಲಕ್ಷಾಂತರ ಟನ್ನು ಬೇಕು. ಹಾಗಾಗಿ 1913ರಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಮೊದಲ ದೊಡ್ಡ ಕಾರ್ಖಾನೆ ಶುರುವಾದಾಗಿನಿಂದ ಅದು ಹರಿವಿನಲ್ಲೇ ತಯಾರಾಗುತ್ತಿದೆ. ನಮ್ಮ ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲೂ ಅದೇ ಕ್ರಮ. ಸಮುದ್ರದ ಕಡೆ ಹೋಗುವಾಗ ಕಾಣುವ ಆ ಪೈಪುಗಳ ಕಾಡು ಸುಮ್ಮನೆ ಬೆಳೆದದ್ದಲ್ಲ.

ಕೊಪ್ಪರಿಗೆಯ ನಿಜವಾದ ತೊಂದರೆ ಗೊತ್ತಾಗುವುದು ಅದನ್ನು ದೊಡ್ಡದು ಮಾಡಿದಾಗ. ಮದುವೆಮನೆಯ ಹಂಡೆಯ ಸಾರು ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತದೆ, ಲೋಟಕ್ಕೆ ಬಗ್ಗಿಸಿಕೊಂಡದ್ದು ಹತ್ತು ನಿಮಿಷಕ್ಕೆ ತಣ್ಣಗೆ. ಶಾಖ ಹೊರಗೆ ಹೋಗುವುದು ಪಾತ್ರೆಯ ಗೋಡೆಯಿಂದ. ಹಂಡೆಯಲ್ಲಿ ಸಾರು ಬಹಳ, ಅದಕ್ಕೆ ಹೋಲಿಸಿದರೆ ಗೋಡೆ ಕಡಿಮೆ. ಲೆಕ್ಕ ಹಾಕಿದರೆ, 1 ಮೀಟರು ಅಗಲದ ಹಂಡೆಯ ಒಂದು ಚಮಚ ದ್ರವಕ್ಕೆ ಎಷ್ಟು ಗೋಡೆ ಸಿಗುತ್ತದೋ, 1 ಮಿಲಿಮೀಟರು ಅಗಲದ ಕೊಳವೆಯ ಒಂದು ಚಮಚ ದ್ರವಕ್ಕೆ ಅದರ ಸಾವಿರ ಪಟ್ಟು ಸಿಗುತ್ತದೆ. ಕೆಲವು ರಾಸಾಯನಿಕ ಕ್ರಿಯೆಗಳು ತಾವೇ ಶಾಖ ಬಿಡುತ್ತವೆ. ಶಾಖ ಏರಿದರೆ ಕ್ರಿಯೆ ಇನ್ನೂ ಜೋರು, ಜೋರಾದರೆ ಇನ್ನಷ್ಟು ಶಾಖ. ಸೀಸೆಯಲ್ಲಿ ಸಾಧುವಾಗಿದ್ದ ಕ್ರಿಯೆ ಹಂಡೆಗೆ ಹೋದ ಮೇಲೆ ರಾಕ್ಷಸನಾಗುವುದು ಹೀಗೆ. ಸಪೂರ ಕೊಳವೆಯಲ್ಲಿ ಶಾಖ ಹುಟ್ಟುತ್ತಿದ್ದಂತೆ ಗೋಡೆಗೆ ಮುಟ್ಟಿ ಹೊರಟುಹೋಗುತ್ತದೆ. ಹೆಚ್ಚು ಸರಕು ಬೇಕೆಂದರೆ ಕೊಳವೆಯನ್ನು ಅಗಲ ಮಾಡಬೇಕಿಲ್ಲ. ರಾತ್ರಿಯೂ ನಿಲ್ಲಿಸದೆ ಹರಿಸಿದರಾಯಿತು, ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು.

ಬೆರೆಯುವ ಕಷ್ಟವನ್ನು ನಾವು ಲಟ್ಟಣಿಗೆಯಿಂದ ಬಿಡಿಸಿಕೊಂಡೆವಲ್ಲ, ಅದಕ್ಕೂ ಸಪೂರತನವೇ ಮದ್ದು. ಕಲಕದೆ ಬಿಟ್ಟರೆ ಅಣುಗಳು ತಡವರಿಸುತ್ತಾ ಅಡ್ಡಡ್ಡ ಹರಡಬೇಕು. ದಾರಿ ಹತ್ತರಲ್ಲಿ ಒಂದು ಪಾಲಾದರೆ ಹಿಡಿಯುವ ಹೊತ್ತು ನೂರರಲ್ಲಿ ಒಂದು ಪಾಲು. ಜಪಾನಿನ ಕ್ಯೋಟೊದಲ್ಲಿದ್ದ ರಸಾಯನ ವಿಜ್ಞಾನಿ ಜುನ್-ಇಚಿ ಯೋಶಿದಾ ಇದನ್ನು ಹಿಡಿದು ಎಷ್ಟು ದೂರ ಹೋದರೆಂದರೆ, ಕೂದಲಿನಂಥ ಕಾಲುವೆಗಳಲ್ಲಿ ತಂಗುವ ಸಮಯವನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಸಿದರು. ಹುಟ್ಟಿದ ಕೂಡಲೇ ತಮ್ಮಷ್ಟಕ್ಕೆ ತಾವೇ ಕೆಟ್ಟುಹೋಗುವ ಅಣುಗಳಿವೆ. ಅವು ಕೆಡುವ ಮೊದಲೇ ಮುಂದಿನ ಜಾಯಿಂಟು ಬಂದು ಅವನ್ನು ಇನ್ನೊಂದರೊಡನೆ ಗಂಟು ಹಾಕಿಬಿಡುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಕಥೆ. ಇದು ಚೀನಾದಲ್ಲಿ ಶುರುವಾಗಿ ಜರ್ಮನಿಗೆ ಬರುತ್ತದೆ.

ಮಲೇರಿಯಾ ಚಳಿಜ್ವರ ಎಂದರೇನೆಂದು ಕೆಲವು ವರ್ಷಗಳ ಹಿಂದೆ ಮಂಗಳೂರಿನ ಮಕ್ಕಳಿಗೆ ವಿವರಿಸಬೇಕಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಬಂದಿರುತ್ತಿತ್ತು. 1967ರಲ್ಲಿ ಚೀನಾ ಸರ್ಕಾರ ಅದಕ್ಕೆ ಹೊಸ ಮದ್ದು ಹುಡುಕಲು ಒಂದು ಗುಟ್ಟಿನ ಯೋಜನೆ ಹಾಕಿತು. ಸಭೆ ಸೇರಿದ್ದು ಮೇ 23ರಂದು, ಹಾಗಾಗಿ ಅದಕ್ಕೆ ‘523’ ಎಂದೇ ಹೆಸರು. ಅದರಲ್ಲಿ ಕೆಲಸಕ್ಕಿಳಿದ ಟು ಯೂಯೂ ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ತಿರುವಿಹಾಕಿ, ಚಿಂಗ್‌ಹಾವ್ ಎಂಬ ಘಾಟು ವಾಸನೆಯ ಗಿಡದ ಬೆನ್ನು ಹತ್ತಿದರು. ಗಿಡವನ್ನು ಕುದಿಸಿ ಕಷಾಯ ಮಾಡಿದರೆ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ಆಗ ಸುಮಾರು 1600 ವರ್ಷ ಹಿಂದೆ ಗೆ ಹಾಂಗ್ ಎಂಬ ವೈದ್ಯ ಬರೆದಿಟ್ಟಿದ್ದ ವಿಧಾನದ ಕಡೆ ಅವರ ಗಮನ ಹೋಯಿತು. ಆತ ಕುದಿಸಲು ಹೇಳಿರಲೇ ಇಲ್ಲ. ನೀರಲ್ಲಿ ನೆನೆಸಿ, ಹಿಂಡಿ ಕುಡಿಯಿರಿ ಎಂದಿದ್ದ. ಬಿಸಿಗೆ ಮದ್ದು ಕೆಡುತ್ತಿದೆಯೋ ಏನೋ ಎಂದುಕೊಂಡ ಟು, 35 ಡಿಗ್ರಿಗೇ ಕುದಿಯುವ ಈಥರಿನಲ್ಲಿ ಗಿಡದ ಸಾರ ತೆಗೆದರು. 1971ರಲ್ಲಿ ಅದು ಇಲಿಗಳ, ಕೋತಿಗಳ ಮಲೇರಿಯಾವನ್ನು ಪೂರ್ತಿ ಓಡಿಸಿತು. ಆರ್ಟೆಮಿಸಿನಿನ್ ಸಿಕ್ಕಿದ್ದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಆರ್ಟೆಮಿಸಿನಿನ್ ಅಣುವನ್ನು ನಾನು ಮಾದರಿಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ನೂಲಿನ ಸಿಕ್ಕಿನಂತೆ ಉಂಗುರದೊಳಗೆ ಉಂಗುರ. ಅದರ ನಡುವೆ ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಕೈಹಿಡಿದು ಒಂದು ಪುಟ್ಟ ಸೇತುವೆ ಕಟ್ಟಿಕೊಂಡಿವೆ. ಇಂಥ ಸೇತುವೆ ಅಣುಗಳಲ್ಲಿ ಅಪರೂಪ, ಏಕೆಂದರೆ ಮುರಿಯುವುದು ಸುಲಭ. ಮಲೇರಿಯಾದ ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಬದುಕುತ್ತದೆ. ತಿಂದಾಗ ಅದರಲ್ಲಿನ ಕಬ್ಬಿಣ ಹೊರಬೀಳುತ್ತದೆ. ಆ ಕಬ್ಬಿಣ ತಾಗಿದ್ದೇ ಸೇತುವೆ ಮುರಿಯುತ್ತದೆ, ಮುರಿದ ತುಂಡುಗಳು ಪರಾವಲಂಬಿಯನ್ನೇ ಕಚ್ಚುತ್ತವೆ. ಕಳ್ಳ ಕದ್ದ ಬುತ್ತಿಯಲ್ಲೇ ಪಟಾಕಿ ಇದ್ದ ಹಾಗೆ.

ಗಿಡ ಈ ಮದ್ದನ್ನು ಬಹಳ ಜಿಪುಣತನದಿಂದ ಮಾಡುತ್ತದೆ. ನೂರು ಗ್ರಾಂ ಒಣ ಎಲೆಯಿಂದ ಒಂದು ಗ್ರಾಂ ಸಿಕ್ಕರೆ ಪುಣ್ಯ. ಬೆಳೆ ಬರಲು ತಿಂಗಳುಗಳು ಬೇಕು. ಒಂದು ವರ್ಷ ರೈತರು ಹೆಚ್ಚು ಬೆಳೆದರೆ ಬೆಲೆ ಬಿದ್ದುಹೋಗುತ್ತದೆ, ಮುಂದಿನ ವರ್ಷ ಯಾರೂ ಬೆಳೆಯದೆ ಮದ್ದಿನ ಬೆಲೆ ಏರುತ್ತದೆ. ಟೊಮೆಟೊ, ಈರುಳ್ಳಿಯ ಕಥೆಯೇ. ಆದರೆ ಅದೇ ಎಲೆಯಲ್ಲಿ ಆರ್ಟೆಮಿಸಿನಿನ್‌ನ ಹತ್ತಿರದ ನೆಂಟರು ಕೆಲವರಿದ್ದಾರೆ, ಮದ್ದು ತೆಗೆದ ಮೇಲೆ ಅವರನ್ನು ಚರಟದ ಜೊತೆ ಬಿಸಾಡುತ್ತಿದ್ದರು. ಅದರಲ್ಲೊಂದರ ಹೆಸರು ಡೈಹೈಡ್ರೊಆರ್ಟೆಮಿಸಿನಿಕ್ ಆಮ್ಲ. ಹೆಸರು ಉದ್ದವಾಯಿತು, ‘ನೆಂಟ’ ಎಂದೇ ಕರೆಯೋಣ.

ನೆಂಟನಿಗೂ ಮದ್ದಿಗೂ ಇರುವ ವ್ಯತ್ಯಾಸವನ್ನು ಬೆರಳಲ್ಲಿ ಎಣಿಸಬಹುದು. ನೆಂಟನಲ್ಲಿ 15 ಇಂಗಾಲ, 24 ಜಲಜನಕ, 2 ಆಮ್ಲಜನಕ. ಮದ್ದಿನಲ್ಲಿ 15 ಇಂಗಾಲ, 22 ಜಲಜನಕ, 5 ಆಮ್ಲಜನಕ. ಗಾಳಿಯ ಆಮ್ಲಜನಕ ಯಾವಾಗಲೂ ಜೋಡಿಯಾಗಿ ಬರುತ್ತದಲ್ಲ, ಅಂಥ ಎರಡು ಜೋಡಿ ನೆಂಟನಿಗೆ ಸೇರಲಿ: 2 ಮತ್ತು 4, ಆರಾಯಿತು. ಈಗ ಒಂದು ನೀರಿನ ಅಣು, ಅಂದರೆ 2 ಜಲಜನಕ ಮತ್ತು 1 ಆಮ್ಲಜನಕ, ಹೊರಗೆ ಹೋಗಲಿ. ಉಳಿದದ್ದು 22 ಜಲಜನಕ, 5 ಆಮ್ಲಜನಕ. ಲೆಕ್ಕ ಸರಿಹೋಯಿತು! ಸೇರಿಸಬೇಕಾದುದು ಆಮ್ಲಜನಕ, ಅಷ್ಟೇ. ಕಾಗದದ ಮೇಲೆ.

ಸುಮ್ಮನೆ ಗಾಳಿಗಿಟ್ಟರೆ ಬೇಕಾದ ಜಾಗಕ್ಕೇ ಆಮ್ಲಜನಕ ಹೋಗಿ ಕೂರುವುದಿಲ್ಲ. ಮೊದಲ ಜೋಡಿಗೆ ಸ್ವಲ್ಪ ಹುರುಪು ಬೇಕು, ಅದನ್ನು ಬೆಳಕು ಕೊಡಬೇಕು. ನೇರವಾಗಿ ಕೊಡುವುದಕ್ಕಾಗುವುದಿಲ್ಲ, ನಡುವೆ ಒಂದು ಬಣ್ಣ ಬೇಕು. ಬಣ್ಣದ ಅಣು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹುರುಪುಗೊಂಡ ಆ ಆಮ್ಲಜನಕ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟೂ ಹಾಗೆ ಉಳಿಯುವುದಿಲ್ಲ. ಅಷ್ಟರೊಳಗೆ ನೆಂಟ ಸಿಕ್ಕಬೇಕು. ಇದನ್ನು ದೊಡ್ಡ ಹಂಡೆಯಲ್ಲಿ ಮಾಡಿ ನೋಡಿ. ಬಣ್ಣದ ದ್ರವದಲ್ಲಿ ಬೆಳಕು ಅಂಚಿನ ಸ್ವಲ್ಪ ದೂರಕ್ಕೇ ಹೀರಿಹೋಗುತ್ತದೆ, ನಡುವೆಲ್ಲ ಕತ್ತಲೆ. ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲೂ ಪಾಚಿ ಕಟ್ಟಿದ ಬಾವಿಯ ತಳ ಕಾಣುತ್ತದೆಯೇ?

ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಪೀಟರ್ ಸೀಬರ್ಗರ್ ಮತ್ತು ಫ್ರಾನ್ಸ್ವಾ ಲೆವೆಕ್ 2012ರಲ್ಲಿ ತೋರಿಸಿದ್ದನ್ನು ಕೇಳಿದರೆ ನಿಮಗೆ ನಗು ಬರಬಹುದು. ಅವರು ಒಂದು ಸಪೂರ ಪಾರದರ್ಶಕ ಪೈಪನ್ನು ದೀಪದ ಸುತ್ತ ಸುತ್ತಿದರು. ನಮ್ಮ ಹುಡುಗಿ ಲಟ್ಟಣಿಗೆಗೆ ಸುತ್ತಿದಂತೆಯೇ. ಪೈಪಿನೊಳಗೆ ನೆಂಟ ಮತ್ತು ನೇರಳೆ ಛಾಯೆಯ ಒಂದು ಬಣ್ಣ ಕರಗಿದ ದ್ರವ. ಅದರ ಜೊತೆಗೆ ಆಮ್ಲಜನಕ. ಸ್ಟ್ರಾದಲ್ಲಿ ಜ್ಯೂಸು ಮುಗಿಯುತ್ತಾ ಬಂದಾಗ ಒಂದು ಗುಟುಕು ಜ್ಯೂಸು, ಒಂದು ಗುಳ್ಳೆ, ಮತ್ತೆ ಗುಟುಕು, ಮತ್ತೆ ಗುಳ್ಳೆ ಹೀಗೆ ಬರುತ್ತದಲ್ಲ, ಪೈಪಿನಲ್ಲೂ ದ್ರವ ಮತ್ತು ಅನಿಲ ಹಾಗೆ ಮಣಿಸರದಂತೆ ಸಾಗುತ್ತವೆ. ಪ್ರತಿ ಗುಟುಕಿನ ಎರಡು ಪಕ್ಕದಲ್ಲೂ ಆಮ್ಲಜನಕ, ಸುತ್ತ ಗೋಡೆಯಿಂದ ಬೆಳಕು. ಕತ್ತಲೆಗೆ ಅವಿತುಕೊಳ್ಳಲು ಜಾಗವೇ ಇಲ್ಲ.

ದೀಪ ದಾಟಿ ಬರುವ ಹೊತ್ತಿಗೆ ನೆಂಟನ ಮೈಮೇಲೆ ಮೊದಲ ಆಮ್ಲಜನಕ ಜೋಡಿ ಕೂತಿರುತ್ತದೆ. ಇಂಥ ಅಣುಗಳಿಗೆ ಪೆರಾಕ್ಸೈಡ್ ಎನ್ನುತ್ತಾರೆ. ಇವನ್ನು ಹಂಡೆಯಲ್ಲಿ ರಾಶಿ ಹಾಕಿಡುವುದಕ್ಕೆ ಬುದ್ಧಿವಂತರು ಹೆದರುತ್ತಾರೆ, ಸಿಡಿದುಬಿಡಬಹುದು. ಪೈಪಿನಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಅದು ಇರುವುದು ಕೆಲವು ಚಮಚದಷ್ಟೇ. ನಮ್ಮ ಒಂದು ಮೀಟರು ಕೆಂಪನ್ನು ನೆನಪಿಸಿಕೊಳ್ಳಿ, ಇದೂ ಅದೇ ಜಾತಿ. ಹುಟ್ಟುತ್ತದೆ, ಸ್ವಲ್ಪ ದೂರ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಜಾಯಿಂಟು. ಅಲ್ಲಿ ನಿಂಬೆರಸದ ಬದಲು ಅದಕ್ಕಿಂತ ಬಹಳ ಖಾರವಾದ ಒಂದು ಆಮ್ಲ ಕಾದಿರುತ್ತದೆ. ಆಮ್ಲ ಅಣುವಿನ ಒಂದು ಉಂಗುರವನ್ನು ಬಿಡಿಸುತ್ತದೆ. ಬಿಡಿಸಿದ ಜಾಗಕ್ಕೆ ಎರಡನೇ ಆಮ್ಲಜನಕ ಜೋಡಿ ಬರುತ್ತದೆ, ಇದಕ್ಕೆ ಬೆಳಕಿನ ಹುರುಪೂ ಬೇಡ, ಮಾಮೂಲಿ ಆಮ್ಲಜನಕ ಸಾಕು. ಆಮೇಲೆ ನಡೆಯುವುದು ನನಗೆ ಎಲ್ಲಕ್ಕಿಂತ ಇಷ್ಟ. ಅಣು ತಾನಾಗಿಯೇ ಮಡಚಿಕೊಳ್ಳುತ್ತದೆ. ಒಂದು ತುದಿ ಇನ್ನೊಂದನ್ನು ಹಿಡಿದು, ಅದು ಮತ್ತೊಂದನ್ನು ಹಿಡಿದು, ನೀರಿನ ಒಂದು ಅಣುವನ್ನು ಹೊರಗೆ ಉಗುಳಿ, ಉಂಗುರದೊಳಗೆ ಉಂಗುರ ಸೇರಿ ಆಮ್ಲಜನಕದ ಸೇತುವೆ ಸಮೇತ ಕೂತುಕೊಳ್ಳುತ್ತದೆ. ಯಾರೂ ಮಡಚಿಕೊಡುವುದಿಲ್ಲ.

ಹನಿಯೊಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲು ಹಿಡಿದದ್ದು ನಾಲ್ಕೂವರೆ ನಿಮಿಷ. ಒಂದು ಪೈಪಿನಿಂದ ದಿನಕ್ಕೆ 200 ಗ್ರಾಂ ಮದ್ದು ತೆಗೆಯಬಹುದೆಂದು ಅವರು ಲೆಕ್ಕ ಕೊಟ್ಟರು. ಹಾಕಿದ ನೂರು ನೆಂಟರಲ್ಲಿ ಮದ್ದಾದವು 40ರ ಹತ್ತಿರ. ಆಮೇಲೆ ಪಾದರಸದ ದೀಪ ಬಿಟ್ಟು ಎಲ್‌ಇಡಿ ಹಾಕಿ, ತಣ್ಣಗೆ ಇಟ್ಟು, ಅದನ್ನು 60ರ ಮೇಲಕ್ಕೆ ಏರಿಸಿದರು. ನಡುವೆ ಎಲ್ಲೂ ನಿಲ್ಲಿಸಿ, ಸೋಸಿ, ಒಣಗಿಸಿ, ತೂಗಿ, ಮತ್ತೆ ಕರಗಿಸುವ ಗೋಜಿಲ್ಲ.

ಈ ನಿಲ್ಲದೆ ಮುಂದೆ ಹೋಗುವುದಿದೆಯಲ್ಲ, ಅದು ಕೇಳಿದಷ್ಟು ಸಲೀಸಲ್ಲ. ಒಂದು ಹೆಜ್ಜೆಯಲ್ಲಿ ಉಳಿದ ಕಸವನ್ನು ಮುಂದಿನ ಹೆಜ್ಜೆ ಸಹಿಸಿಕೊಳ್ಳಬೇಕು. ನಮ್ಮ ಸುಣ್ಣದ ನೀರು ಹೆಚ್ಚಾದರೆ ನಿಂಬೆರಸ ಅರ್ಧ ಅದನ್ನು ಸುಮ್ಮನಾಗಿಸುವುದಕ್ಕೇ ಖರ್ಚಾಗುತ್ತಿತ್ತು, ಹಾಗೆ. ಕೇಂಬ್ರಿಡ್ಜಿನ ರಸಾಯನ ವಿಜ್ಞಾನಿ ಸ್ಟೀವನ್ ಲೇ ಇದಕ್ಕೊಂದು ದಾರಿ ಮಾಡಿದರು. ರಾಸಾಯನಿಕವನ್ನು ದ್ರವಕ್ಕೆ ಬೆರೆಸದೆ, ಪುಟ್ಟ ಮಣಿಗಳಿಗೆ ಅಂಟಿಸಿ ಕೊಳವೆಯಲ್ಲಿ ತುಂಬಿ, ದ್ರವವನ್ನು ಅದರ ಮೂಲಕ ಹಾಯಿಸುವುದು. ನಮ್ಮ ಕಾಫಿ ಫಿಲ್ಟರೇ ಸರಿ. ಡಿಕಾಕ್ಷನ್ ಕೆಳಗಿಳಿಯುತ್ತದೆ, ಪುಡಿ ಮೇಲೆಯೇ ಉಳಿಯುತ್ತದೆ. ಹೀಗೆ ಒಂದಾದ ಮೇಲೊಂದು ಫಿಲ್ಟರು ಜೋಡಿಸಿ 2006ರಲ್ಲಿ ಅವರ ತಂಡ ಆಕ್ಸೊಮಾರಿಟಿಡಿನ್ ಎಂಬ ಸಸ್ಯದ ಅಣುವನ್ನು ಏಳು ಹೆಜ್ಜೆಗಳಲ್ಲಿ ಕಟ್ಟಿತು.

ಇನ್ನೊಂದು ತೊಡಕು ವೇಗದ್ದು. ಒಂದು ಹೆಜ್ಜೆಗೆ 10 ಸೆಕೆಂಡು, ಇನ್ನೊಂದಕ್ಕೆ 10 ಗಂಟೆ ಬೇಕೆನ್ನಿ. 1 ಮಿಲಿಮೀಟರು ಅಗಲದ ಪೈಪಿನಲ್ಲಿ ನಿಮಿಷಕ್ಕೆ 1 ಮಿಲಿಲೀಟರ್ ಹರಿದರೆ 10 ಗಂಟೆಗೆ ಎಷ್ಟು ಉದ್ದ ಬೇಕು ಗೊತ್ತೇ? 760 ಮೀಟರಿಗೂ ಮೇಲೆ. ಮನೆಯಿಂದ ಶಾಲೆಯವರೆಗೆ ಪೈಪು ಎಳೆಯಬೇಕು! ಇಲ್ಲಿ ಪ್ರೆಷರ್ ಕುಕ್ಕರಿನ ಉಪಾಯ ನೆರವಿಗೆ ಬರುತ್ತದೆ. ಪೈಪಿನ ಕೊನೆಯಲ್ಲಿ ಬಿಗಿಯಾದ ಒಂದು ಕವಾಟ ಇಟ್ಟು ಒತ್ತಡ ಏರಿಸಿದರೆ, ದ್ರವವನ್ನು ಅದರ ಕುದಿಬಿಂದುವಿಗಿಂತ ಬಹಳ ಮೇಲಕ್ಕೆ ಕಾಯಿಸಿದರೂ ಕುದಿಯುವುದಿಲ್ಲ. 10 ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು ಎಂಬುದು ರಸಾಯನ ವಿಜ್ಞಾನದ ಒರಟು ಲೆಕ್ಕ. 100 ಡಿಗ್ರಿ ಏರಿಸಿದರೆ ಎರಡನ್ನು ಹತ್ತು ಸಲ ಗುಣಿಸಿ: ಸಾವಿರ ಪಟ್ಟು. 10 ಗಂಟೆಯ ಕೆಲಸ ಅರ್ಧ ನಿಮಿಷದ ಸುಮಾರಿಗೆ ಬಂತು. ಎಲ್ಲ ಅಣುಗಳೂ ಅಷ್ಟು ಬಿಸಿ ತಾಳುತ್ತವೆಯೇ? ಇಲ್ಲ. ಟು ಯೂಯೂ ಅವರ ಗಿಡವೇ ಸಾಕ್ಷಿ.

ಮೂರನೇ ತೊಡಕು, ನಮ್ಮ ಜಾಯಿಂಟಿನ ಗಂಟಲಲ್ಲಿ ಕೂತ ಅರಿಶಿನ! ಗಟ್ಟಿ ಪದಾರ್ಥ ಹರಳಾಗಿ ಕೂತು ಪೈಪು ಕಟ್ಟಿಕೊಳ್ಳುವುದು ಈ ಕೆಲಸದವರೆಲ್ಲರ ಗೋಳು. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಪಂಪು ಹಠಾತ್ತನೆ ನಿಂತಾಗ ಮೊದಲು ಹುಡುಕುವುದು ಯಾವ ಜಾಯಿಂಟಿನಲ್ಲಿ ಬಿಳಿ ಕಾಣುತ್ತಿದೆ ಎಂದೇ. ಕೆಲವರು ಪೈಪನ್ನು ಶಬ್ದದ ಅಲೆಗಳಿಂದ ನಡುಗಿಸಿ ಹರಳನ್ನು ಅಲ್ಲಾಡಿಸುತ್ತಾರೆ. ನಾವು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದೆವು. ತತ್ವ ಒಂದೇ.

ಇಷ್ಟೆಲ್ಲ ತೊಡಕಿದ್ದರೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2016ರಲ್ಲಿ ಇಡೀ ಔಷಧ ಕಾರ್ಖಾನೆಯನ್ನೇ ಒಂದು ಫ್ರಿಜ್ಜಿನಷ್ಟು ದೊಡ್ಡ ಪೆಟ್ಟಿಗೆಗೆ ಇಳಿಸಿ ತೋರಿಸಿದರು. ಪಂಪುಗಳು, ಸುರುಳಿ ಪೈಪುಗಳು, ಕಾಯಿಸುವ, ಬೇರ್ಪಡಿಸುವ ಭಾಗಗಳನ್ನು ಕಳಚಿ ಬೇರೆ ಥರ ಜೋಡಿಸಿದರೆ ಬೇರೆ ಮದ್ದು. ನಾಲ್ಕು ಮದ್ದು ಮಾಡಿದರು. ಅವುಗಳಲ್ಲೊಂದು ಲಿಡೊಕೇನ್: ಹಲ್ಲಿನ ಡಾಕ್ಟರು ವಸಡಿಗೆ ಚುಚ್ಚಿ ಕೆನ್ನೆಯನ್ನೇ ಇಲ್ಲದಂತೆ ಮಾಡುತ್ತಾರಲ್ಲ, ಅದು.

ಪಾಟ್ಸ್‌ಡಾಮಿನ ಕಥೆಗೆ ಒಂದು ಬಾಲವಿದೆ, ಅದನ್ನು ಹೇಳದಿದ್ದರೆ ಗಿಡಕ್ಕೆ ಅನ್ಯಾಯ. ಬೆಳಕನ್ನು ಹೀರಿ ದಾಟಿಸಲು ಅವರು ಮೊದಲು ಹಾಕಿದ್ದ ಬಣ್ಣ ಅಂಗಡಿಯಿಂದ ತಂದ ಪೋರ್ಫಿರಿನ್ ಜಾತಿಯದು. ಎಲೆಯ ಹಸಿರು, ಕ್ಲೋರೊಫಿಲ್, ಅದೂ ಅದೇ ಮನೆತನದ್ದು. 2018ರಲ್ಲಿ ಸೀಬರ್ಗರ್ ಅವರ ತಂಡದವರು ಗಿಡದ ಸಾರವನ್ನು ಶುದ್ಧ ಮಾಡಲು ಹೋಗದೆ, ಹಸಿರು ಹಸಿರಾಗಿದ್ದ ಹಾಗೆಯೇ ಪೈಪಿಗೆ ಬಿಟ್ಟರು. ನೆಂಟನೂ ಅದರಲ್ಲೇ, ಬೆಳಕು ಹೀರುವ ಬಣ್ಣವೂ ಅದರಲ್ಲೇ. ಅವರು ಹೊರಗಿನಿಂದ ಕೊಟ್ಟದ್ದು ದೀಪ, ಆಮ್ಲಜನಕ, ಒಂದಿಷ್ಟು ಆಮ್ಲ.

ನೀವೂ ಮಾಡಿ ನೋಡುವಿರಾದರೆ ಸುಣ್ಣದ ತಿಳಿಯನ್ನು ದೊಡ್ಡವರ ಕೈಯಲ್ಲೇ ಮಾಡಿಸಿ. ಕಣ್ಣಿಗೆ ಹಾರಿದರೆ ತುಂಬ ಉರಿ, ಕೂಡಲೇ ನೀರಲ್ಲಿ ತೊಳೆಯಬೇಕು. ಮೂರೂ ಬಾಟಲಿ ಒಂದೇ ಮಟ್ಟದಲ್ಲಿರಲಿ. ಅರಿಶಿನವನ್ನು ಎರಡು ಸಲ ಸೋಸಿ. ಲಟ್ಟಣಿಗೆಯನ್ನು ಕೇಳಿ ತೆಗೆದುಕೊಳ್ಳಿ. ನಾವು ಕೇಳಿರಲಿಲ್ಲ, ಆ ದಿನದ ಚಪಾತಿ ಬಾಟಲಿಯಲ್ಲಿ ಲಟ್ಟಿಸಿದ್ದು. ಆಟ ಮುಗಿದ ಮೇಲೆ ಪೈಪಿನಲ್ಲಿ ಹಳದಿ ಕಲೆ ಉಳಿಯುತ್ತದೆ, ಸೋಪು ಹಾಕಿದರೂ ಹೋಗುವುದಿಲ್ಲ, ಸೋಪಿಗೆ ಅದು ಕೆಂಪಾಗುತ್ತದೆ. ಉಜ್ಜಬೇಡಿ. ಮಾಳಿಗೆಯ ಮೇಲೆ ಎರಡು ಮೂರು ದಿನ ಬಿಸಿಲಿಗೆ ಹಾಕಿ. ಬೆಳಕು ಕರ್ಕ್ಯುಮಿನ್ನನ್ನು ಒಡೆಯುತ್ತದೆ, ಗಾಳಿಯ ಆಮ್ಲಜನಕ ಅದಕ್ಕೆ ಕೈಜೋಡಿಸುತ್ತದೆ, ಹಳದಿ ಮಂಕಾಗುತ್ತಾ ಹೋಗುತ್ತದೆ. ನಮ್ಮ ಪೈಪು ಈಗಲೂ ತಂತಿಯ ಮೇಲೆ ಬಟ್ಟೆಗಳ ಪಕ್ಕದಲ್ಲಿ ನೇತಾಡುತ್ತಿದೆ. ಬಿಸಿಲು ಬೀಳುವ ಬದಿ ಬೆಳ್ಳಗಾಗಿದೆ, ನೆರಳಿನ ಬದಿ ಇನ್ನೂ ಹಳದಿ.